ಅಮರೇಶಪ್ಪ ಬಾಯಾಡಿಸುವುದನ್ನು ಬಿಟ್ಟ ಸೋಮವಾರ

ಆ ಸೋಮವಾರ ಬೆಳಿಗ್ಗೆ ಅಮರೇಶಪ್ಪ ಸ್ನಾನ ಮುಗಿಸಿ ಬಂದು ನೋಡುತ್ತಾನೆ, ಹೆಂಡತಿ ಶಿವದೇವಿ ಅವನ ಯೂನಿಫಾರ್ಮಿನ ಪ್ಯಾಂಟನ್ನು ಮಡಿಲಲ್ಲಿ ಹಾಕಿಕೊಂಡು ಜೇಬುಗಳ ಬಾಯಿ ಹೊಲಿಯುತ್ತಿದ್ದಾಳೆ. ಎರಡು ಬದಿಯ ಜೇಬು ಮುಗಿದಿತ್ತು, ಹಿಂದಿನದೂ ಮುಗಿದಿತ್ತು. ಈಗ ಅಂಗಿಯ ಜೇಬಿಗಾಗಿ ಸೂಜಿಗೆ ಹೊಸ ದಾರ ಪೋಣಿಸುತ್ತಿದ್ದಳು.

“ಕರ್ಚೀಪ್ ಎಲ್ಲಿ ಇಟ್ಕೋಲಿ?” ಎಂದ ಅಮರೇಶಪ್ಪ.

“ಕೈಯಾಗ ಹಿಡ್ಕೋರಿ. ಒಂದ ಕೈಯರ ಸುಮ್ಮನಿರತೈತಿ.”

ತಪ್ಪು ತನ್ನದೇ ಎಂದು ಅವನಿಗೆ ಗೊತ್ತಿತ್ತು.

ಊಟಕ್ಕೆ ಕೂತರೆ ಅಮರೇಶಪ್ಪನಷ್ಟು ಬಡಪಾಯಿ ಇನ್ನೊಬ್ಬನಿಲ್ಲ. ಎರಡು ರೊಟ್ಟಿ, ಒಂದಿಷ್ಟು ಪಲ್ಯ, ಒಂದು ಸೌಟು ಅನ್ನ, ಅಷ್ಟೇ. ನೋಡಿದವರು “ಪಾಪ, ಎಷ್ಟು ಕಡಿಮಿ ಉಣ್ತಾರ” ಎಂದು ಮರುಗುತ್ತಿದ್ದರು. ಆದರೆ ಒಂದು ಊಟ ಮುಗಿದು ಇನ್ನೊಂದು ಊಟ ಬರುವ ತನಕ ಅವನ ಬಾಯಿ ಹಿಟ್ಟಿನ ಗಿರಣಿಯ ಹಾಗೆ ನಡೆಯುತ್ತಲೇ ಇರುತ್ತಿತ್ತು. ಎಡ ಜೇಬಿನಲ್ಲಿ ಹುರಿದ ಶೇಂಗಾ, ಬಲ ಜೇಬಿನಲ್ಲಿ ಪುಠಾಣಿ, ಹಿಂದಿನ ಜೇಬಿನಲ್ಲಿ ಪೊಟ್ಟಣ ಕಟ್ಟಿದ ಚೂಡಾ, ಅಂಗಿಯ ಜೇಬಿನಲ್ಲಿ ಎರಡು ಬೆಲ್ಲದ ಹರಳು. ಹೀಗೆ ಬಾಯಾಡಿಸುತ್ತಾ ಬಾಯಾಡಿಸುತ್ತಾ ಮೂರು ವರ್ಷದಲ್ಲಿ ಹದಿನಾಲ್ಕು ಕಿಲೋ ಏರಿದ್ದ.

ಆಗ ಹೈದರಾಬಾದಿನ ಪಶ್ಚಿಮಕ್ಕೆ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಮಾನ್ವಿ ತಾಲ್ಲೂಕಿನಿಂದ ಬಂದ ಅಮರೇಶಪ್ಪ ಹನ್ನೊಂದು ವರ್ಷ ಒಂದು ಕಾರ್ಖಾನೆಯ ಕಂಪೌಂಡು ಸುತ್ತಿ ಸುತ್ತಿ ಕಾವಲು ಕಾದವನು. ಬಿಸಿಲಿಗೆ ತಲೆ, ನಡಿಗೆಗೆ ಮೊಣಕಾಲು, ಎರಡನ್ನೂ ಅಲ್ಲಿಗೇ ಒಪ್ಪಿಸಿ ಬಂದಿದ್ದ. ಮೂರು ವರ್ಷದ ಹಿಂದೆ ಮಾಧಾಪುರದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಸೆಕ್ಯೂರಿಟಿ ಸೂಪರ್‌ವೈಜರ್ ಆದ. ಕನ್ನಡ, ತೆಲುಗು, ಉರ್ದು, ಹಿಂದಿ ನಾಲ್ಕೂ ಬರುತ್ತವೆ, ಇಂಗ್ಲಿಷಿನಲ್ಲಿ ‘ಗುಡ್ ಮಾರ್ನಿಂಗ್ ಸರ್’ ಕೂಡ ಬರುತ್ತದೆ ಎಂದು ಅವನನ್ನು ಕೆಳಗಿನ ಹಜಾರದ ಮುಂದಿನ ಮೇಜಿಗೇ ಹಾಕಿದರು. ಆ ಮೇಜಿನ ಹಿಂದೆ ಒಂದು ಕುರ್ಚಿ. ಗಾದಿ ಇತ್ತು, ಒರಗಲು ಬೆನ್ನಿತ್ತು, ತೋಳಿಡಲು ತೋಳಿತ್ತು, ಕೂತಲ್ಲೇ ಗಿರ್ರೆಂದು ತಿರುಗುತ್ತಿತ್ತು. ತಲೆಯ ಮೇಲೆ ತಣ್ಣನೆಯ ಗಾಳಿ. ಊರಿನಿಂದ ಬಂದ ಭಾವಮೈದುನ ಒಮ್ಮೆ ಗಾಜಿನ ಆಚೆ ನಿಂತು ಇವನನ್ನು ಆ ಕುರ್ಚಿಯಲ್ಲಿ ನೋಡಿ, ಒಳಗೆ ಬರಲು ಹೆದರಿ, ಹೊರಗಿನಿಂದಲೇ ಕೈ ಮುಗಿದು ಹೋಗಿದ್ದ. ಅಮರೇಶಪ್ಪನಿಗೆ ಜೀವನದಲ್ಲಿ ಸಿಕ್ಕ ದೊಡ್ಡ ಮರ್ಯಾದೆ ಅದು.

ಆ ಕುರ್ಚಿಗೆ ಈಗ ಕುತ್ತು ಬಂದಿತ್ತು. ತಿಂಗಳ ಹಿಂದೆ ಬೋರ್ಡಿನ ಮೇಲೆ ಇಂಗ್ಲಿಷಿನ ನೋಟೀಸು ಅಂಟಿಸಿದ್ದರು. ಈ ಸೋಮವಾರ ನಾಲ್ಕು ಗಂಟೆಗೆ ಕಂಪನಿಯ ಡಾಕ್ಟರು ಎಲ್ಲ ಗಾರ್ಡುಗಳ ತೂಕ ನೋಡುತ್ತಾರೆ, ಮಿತಿ ಎಂಬತ್ತೈದು ಕಿಲೋ, ತೂಕದ ಪ್ರಕಾರ ಡ್ಯೂಟಿ ಬದಲಾಗುತ್ತದೆ. ಗಚ್ಚಿಬೌಲಿಯ ಆಚೆ ಕಂಪನಿಯ ಹೊಸ ಕ್ಯಾಂಪಸ್ಸಿಗೆ ಗೋಡೆ ಎದ್ದಿತ್ತು. ಒಂದು ಸುತ್ತು ಎರಡು ಕಿಲೋಮೀಟರ್. ಅದನ್ನು ಸುತ್ತಲು ಜನ ಬೇಕಾಗಿದ್ದಾರೆ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಗಾರ್ಡುಗಳೆಲ್ಲ ಸೇರಿ ನೋಟೀಸಿನ ಅರ್ಥ ಬಿಡಿಸಿದರು. ಬೊಜ್ಜಿದ್ದವರನ್ನು ಬೊಜ್ಜು ಇಳಿಯುವ ತನಕ ಗೋಡೆ ಸುತ್ತಿಸುತ್ತಾರೆ, ಇನ್ನೇನು.

ಡಾಕ್ಟರ್ ಚಂದ್ರಹಾಸ ಉಡುಪಿ ಕಡೆಯವರು. ನೋಟೀಸು ಬಂದ ದಿನವೇ ಅಮರೇಶಪ್ಪ ಅವರ ಹತ್ತಿರ ಹೋಗಿದ್ದ.

“ಊಟ ಬಿಡಬೇಡಿ, ಚಹಾ ಬಿಡಬೇಡಿ, ಎಂತದೂ ಬಿಡಬೇಡಿ. ಆ ನಡುನಡುವೆ ಬಾಯಾಡಿಸುವುದು ಉಂಟಲ್ಲ, ಅದೊಂದು ಬಿಡಿ ಮಾರಾಯ್ರೆ. ಸಾಕು,” ಎಂದಿದ್ದರು ಅವರು.

ಬಿಡಬೇಕಾದದ್ದು ಒಂದೇ ಅಂದಮೇಲೆ ಅವಸರವೇನು ಎಂದುಕೊಂಡು ಅಮರೇಶಪ್ಪ ಇಪ್ಪತ್ತೊಂಬತ್ತು ದಿನ ‘ನಾಳೆಯಿಂದ’ ಎನ್ನುತ್ತಾ ಕಳೆದ. ಭಾನುವಾರ ಸಂಜೆ ಮೆಹದಿಪಟ್ಟಣಂನ ಔಷಧದ ಅಂಗಡಿಯ ಮುಂದಿನ ಯಂತ್ರದ ಮೇಲೆ ನಿಂತಾಗ ಎಂಬತ್ತೈದು ಕಿಲೋ ಆರುನೂರು ಗ್ರಾಂ ತೋರಿಸಿತು. ಮನೆಗೆ ಬಂದು ಮುಖ ಸಪ್ಪೆ ಮಾಡಿಕೊಂಡು ಕೂತ.

ಶಿವದೇವಿ ಲೆಕ್ಕ ಹಾಕಿದಳು. “ಮುಂಜಾನಿಂದ ನಾಕ್ ಗಂಟೆತನಕ ನೀವು ಏನಿಲ್ಲಂದ್ರೂ ಮುಕ್ಕಾಲ ಕಿಲೋ ಬಾಯಾಡಸ್ತೀರಿ. ಒಂದ ದಿವಸ ಬಾಯಿ ಕಟ್ಟಿದ್ರ ಆತು. ಅಂಜಬ್ಯಾಡ್ರಿ.”

ಆ ಲೆಕ್ಕದ ಮೇಲೆ ನಂಬಿಕೆಯಿಟ್ಟು, ಜೇಬಿಲ್ಲದ ಯೂನಿಫಾರ್ಮು ತೊಟ್ಟು, ಕರ್ಚೀಪು ಕೈಯಲ್ಲಿ ಹಿಡಿದು ಅಮರೇಶಪ್ಪ ಮೆಟ್ಟಿಲಿಳಿದ.

ಕೆಳಗಿನ ಮನೆ ಸಾವಿತ್ರಕ್ಕನದು. ಭಾಲ್ಕಿ ಕಡೆಯ ಹೆಣ್ಣುಮಗಳು. ಅಡಿಗೆಮನೆಯ ಕಿಟಕಿಯಲ್ಲಿ ಕೂತು ಇಡೀ ಕಟ್ಟಡದ ಸುದ್ದಿ ನೋಡಿಕೊಳ್ಳುತ್ತಿದ್ದರು. ದಿನಾ ಅಮರೇಶಪ್ಪ ಹೋಗುವಾಗ ಕಿಟಕಿಯಿಂದ ಒಂದು ಹಿಡಿ ಚೂಡಾ ಹೊರಗೆ ಬರುತ್ತಿತ್ತು, ಇವನ ಕೈ ಮೇಲೇಳುತ್ತಿತ್ತು. ಇವತ್ತು ಚೂಡಾ ಬಂತು, ಕೈ ಏಳಲಿಲ್ಲ.

“ಇವತ್ತ ಬ್ಯಾಡ್ರಿ ಸಾವಿತ್ರಕ್ಕಾ.”

“ಯಾಕ್ರಿ? ಹೊಟ್ಟಿ ಕೆಟ್ಟೈತೇನು?”

“ಹಂಗೇನಿಲ್ರಿ.”

“ಮತ್ತ ನನ್ನ ಮ್ಯಾಲ ಸಿಟ್ಟೇನು? ಮೊನ್ನಿ ನಳದ ನೀರಿಗೆ ನಾ ಶಿವದೇವಿಗೆ ಒಂದ ಮಾತು ಅಂದಿದ್ದು ನಿಮ್ಮ ಕಿವೀಗೆ ಬಿತ್ತೇನು?”

“ಛೇ ಛೇ, ಅದೆಲ್ಲ ಏನಿಲ್ರಿ.”

ತೂಕದ ವಿಷಯ ಹೇಳಿದರೆ ಕುರ್ಚಿಯ ವಿಷಯ ಹೇಳಬೇಕು. ಕುರ್ಚಿ ಹೋಗಬಹುದು ಎಂದು ಸಾವಿತ್ರಕ್ಕನಿಗೆ ಹೇಳಿದರೆ ಮಧ್ಯಾಹ್ನದೊಳಗೆ ಮೆಹದಿಪಟ್ಟಣಂಗೆಲ್ಲ ಹೇಳಿದ ಹಾಗೆ. ಅಷ್ಟರಲ್ಲಿ ಸಾವಿತ್ರಕ್ಕನ ಕಣ್ಣು ಗೋಡೆಯ ಕ್ಯಾಲೆಂಡರಿಗೆ ಹೋಯಿತು. ಶ್ರಾವಣದ ಎರಡನೇ ಸೋಮವಾರ.

“ಅಯ್ಯ ನನ ಶಿವನ! ಸೋಮವಾರ ಹಿಡದೀರೇನ್ರಿ? ಉಪವಾಸ ಅದೀರೇನು?”

ಬಚಾವಾಗಲು ದಾರಿ ಸಿಕ್ಕಿತೆಂದು ಅಮರೇಶಪ್ಪನಿಗೆ ಎಷ್ಟು ಖುಷಿಯಾಯಿತೆಂದರೆ, ಯೋಚನೆಯನ್ನೇ ಮಾಡದೆ “ಹೂಂ ನೋಡ್ರಿ” ಎಂದುಬಿಟ್ಟ. ಆ ದಿನದ ಎಲ್ಲ ತಾಪತ್ರಯ ಆ ಒಂದು ಹೂಂನಿಂದ ಹುಟ್ಟಿದ್ದು.

ಸಾವಿತ್ರಕ್ಕ ಒಳಗೆ ಓಡಿದರು. ಬರುವಾಗ ಕೈಯಲ್ಲಿ ಒಂದು ತಾಟು. ತಾಟಿನಲ್ಲಿ ಮುಷ್ಟಿಗಾತ್ರದ ಎರಡು ಶೇಂಗಾ ಉಂಡಿ, ಎರಡು ಬಾಳೆಹಣ್ಣು, ಮೇಲೆ ಒಂದು ಬಿಲ್ವದ ಎಲೆ.

“ಮುಂಜಾನಿ ಪೂಜಾದ ಪ್ರಸಾದ. ತಗೋರಿ.”

“ಉಪವಾಸ ಅಲ್ರೀ ಅಕ್ಕಾ…”

“ಉಪವಾಸಕ್ಕಂತನ ಮಾಡಿದ್ದು. ಶೇಂಗಾ ನಡೀತೈತಿ, ಬೆಲ್ಲ ನಡೀತೈತಿ, ಹಣ್ಣು ನಡೀತೈತಿ. ಪ್ರಸಾದ ಒಲ್ಲೆ ಅಂತಾರೇನ್ರಿ?”

ಪ್ರಸಾದ ಒಲ್ಲೆ ಅನ್ನುವ ಧೈರ್ಯ ಅಮರೇಶಪ್ಪನ ಮನೆತನದಲ್ಲಿ ಯಾರಿಗೂ ಇರಲಿಲ್ಲ. ಉಂಡಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. “ಹಾದ್ಯಾಗ ತಿಂತೀನ್ರಿ” ಎಂದು ಅಭ್ಯಾಸಬಲದಿಂದ ಕೈಯನ್ನು ಜೇಬಿಗೆ ಒಯ್ದ. ಶಿವದೇವಿಯ ಹೊಲಿಗೆ ಭದ್ರವಾಗಿತ್ತು. ಉಂಡಿ ಪ್ಯಾಂಟಿನ ಮೇಲೆಲ್ಲ ಜಾರಾಡಿ ಕೈಗೇ ವಾಪಸು ಬಂತು.

ಸಾವಿತ್ರಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಅಮರೇಶಪ್ಪ ಒಂದು ಉಂಡಿ ತಿಂದ, ಇನ್ನೊಂದೂ ತಿಂದ, ಬಾಳೆಹಣ್ಣುಗಳನ್ನೂ ಮುಗಿಸಿದ. ಗಂಟಲಿಗೆ ಹಿಡಿಯಿತು ಎಂದು ಅವರೇ ಒಂದು ತಂಬಿಗೆ ನೀರು ಕುಡಿಸಿದರು.

ಇದನ್ನೆಲ್ಲ ಮೂರನೆಯ ಮಹಡಿಯ ಪದ್ಮನಾಭರಾಯರು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. ರಾಯರು ಗುಲ್ಬರ್ಗದವರು. ಅಮರೇಶಪ್ಪನ ಕಂಪನಿಯಲ್ಲೇ ಕ್ಯಾಂಟೀನಿನ ಮೇಲ್ವಿಚಾರಕರು. ಯಾರು ಯಾವ ವ್ರತ ಹಿಡಿದರೂ ಅದನ್ನು ದಡ ಮುಟ್ಟಿಸುವುದು ತಮ್ಮ ಹೊಣೆ ಎಂದು ನಂಬಿದವರು.

“ಅಮರೇಶಪ್ಪನವರ, ಭಾಳ ಛಲೋ ಕೆಲಸ ಮಾಡೀರಿ,” ಎಂದು ಹೆಗಲ ಮೇಲೆ ಕೈ ಹಾಕಿದರು. “ಆದ್ರ ಒಂದ ನೆನಪಿಡ್ರಿ. ಉಪವಾಸ ಅಂದ್ರ ನಿರಾಹಾರ ಅಲ್ಲ, ಫಲಾಹಾರ. ಇವತ್ತ ನಿಮ್ಮ ಜವಾಬ್ದಾರಿ ನನಗ ಬಿಡ್ರಿ.”

“ನಿಮಗ್ಯಾಕ್ರಿ ತ್ರಾಸು…”

“ತ್ರಾಸೇನು ಬಂತ್ರಿ, ಪುಣ್ಯದ ಕೆಲಸ!”

ಕಂಪನಿಯ ಬಸ್ಸು ಟೋಲಿಚೌಕಿ ದಾಟುವುದರೊಳಗೆ ರಾಯರು ಕ್ಯಾಂಟೀನಿಗೆ ಮೊಬೈಲಿನಲ್ಲಿ ಫೋನು ಮಾಡಿ ಸಾಬೂದಾಣಿ ಖಿಚಡಿಗೆ ಸಬ್ಬಕ್ಕಿ ನೆನೆಸಲು ಹೇಳಿದ್ದರು. ಬಸ್ಸು ಮಾಧಾಪುರ ಮುಟ್ಟುವುದರೊಳಗೆ ಬಸ್ಸಿನಲ್ಲಿದ್ದವರಿಗೆಲ್ಲ ಅಮರೇಶಪ್ಪ ಉಪವಾಸವಿರುವುದು ಗೊತ್ತಾಗಿತ್ತು.

ಅಮರೇಶಪ್ಪ ತನ್ನ ಕುರ್ಚಿಯಲ್ಲಿ ಕೂತ. ಎಂದಿನಂತೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿದ. ಇವತ್ತೇ ಕೊನೆಯೇನೋ ಎಂದು ಇನ್ನೊಂದು ಸುತ್ತು ತಿರುಗಿದ.

ಹಜಾರದ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ವಿಜಯಕುಮಾರ ಕೂತಿದ್ದ. ಬೀದರಿನವನು, ಇವನ ಕೈಕೆಳಗಿನ ಗಾರ್ಡು, ತೊಂಬತ್ತೇಳು ಕಿಲೋ. ನೋಟೀಸು ನೋಡಿದ ದಿನವೇ ಅವನು ಕೈಚೆಲ್ಲಿದ್ದ.

“ಹನ್ನೆರಡ ಕಿಲೋ ಇಳಸೂದು ನನ್ನ ಕೈಲೆ ಆಗೂ ಮಾತಲ್ಲ ಅಣ್ಣಾರ,” ಎಂದ, ಸಮೋಸದ ಎರಡನೆಯ ತುದಿ ಬಾಯಿಗಿಡುತ್ತಾ. “ಹೆಂಗೂ ನಾಳಿಂದ ಗೋಡಿ ಸುತ್ತೂದೈತಿ. ಇವತ್ತರ ಹೊಟ್ಟಿತುಂಬ ತಿನ್ನೂಣು.”

“ಎದುರಿಗೆ ಕುಂತು ತಿನ್ನಬ್ಯಾಡೋ ತಮ್ಮ. ಆ ಕಡೆ ತಿರುಗು.”

ವಿಜಯಕುಮಾರ ಆ ಕಡೆ ತಿರುಗಿದ. ಆದರೆ ಸಮೋಸದ ವಾಸನೆ ತಿರುಗಲಿಲ್ಲ.

ಹತ್ತು ಗಂಟೆಗೆ ಕ್ಯಾಂಟೀನಿನಿಂದ ಸಾಬೂದಾಣಿ ಖಿಚಡಿಯ ತಾಟು ಬಂತು. ತುಪ್ಪದಲ್ಲಿ ಮಿಂದು, ಶೇಂಗಾಪುಡಿ ಹೊದ್ದು, ಹಸಿಮೆಣಸಿನಕಾಯಿ ಮುಡಿದುಕೊಂಡು ಬಂದಿತ್ತು. ಅಮರೇಶಪ್ಪ ಕಣ್ಣು ಮುಚ್ಚಿ ಅದನ್ನು ವಿಜಯಕುಮಾರನ ಕಡೆ ತಳ್ಳಿದ. ಎರಡು ನಿಮಿಷದಲ್ಲಿ ತಾಟು ತೊಳೆದಿಟ್ಟ ಹಾಗಾಯಿತು. ಇದು ಒಳ್ಳೆಯ ಉಪಾಯ ಎಂದುಕೊಂಡು ಅಮರೇಶಪ್ಪ ನಿಟ್ಟುಸಿರುಬಿಟ್ಟ.

ಹನ್ನೊಂದು ಗಂಟೆಗೆ ಖಿಚಡಿ ಹೇಗಿತ್ತೆಂದು ಕೇಳಲು ರಾಯರೇ ಬಂದರು. ವಿಜಯಕುಮಾರ ಸುಳ್ಳು ಹೇಳಲು ಬಾರದ ಮನುಷ್ಯ.

“ಭಾಳ ಛಂದ ಇತ್ರಿ ರಾಯರ. ಉಪ್ಪು ಒಂಚೂರು ಕಡಿಮಿ ಆಗಿತ್ತು.”

ರಾಯರು ಅಮರೇಶಪ್ಪನ ಮುಖ ನೋಡಿದರು. “ನಿಮಗಂತ ಮಾಡಿಸಿದ್ದನ್ನ ಈತಗ ಕೊಟ್ರ್ಯಾ? ಎಂಥಾ ಮನಸ್ಸು ನಿಮ್ಮದು! ತಾನು ಉಪವಾಸ ಇದ್ದು ಇನ್ನೊಬ್ಬರಿಗೆ ಉಣಸೂದಂದ್ರ!” ಎಂದರು. ಹೋಗಿ ಇನ್ನೊಂದು ತಾಟು ತಾವೇ ಹಿಡಿದುಕೊಂಡು ಬಂದರು. ಈ ಸಲ ಮೇಜಿನ ತುದಿಗೆ ಕೂತು, ಪ್ರತಿ ಚಮಚ ಬಾಯಿಗೆ ಹೋಗುವುದನ್ನು ಕಣ್ಣಾರೆ ನೋಡಿ, ಮೇಲೊಂದು ಲೋಟ ಹಾಲು ಕುಡಿಸಿ ಎದ್ದರು.

ಇಷ್ಟಕ್ಕೇ ಮುಗಿದಿದ್ದರೆ ಅಮರೇಶಪ್ಪ ಹೇಗೋ ಸುಧಾರಿಸಿಕೊಳ್ಳುತ್ತಿದ್ದ. ಊಟದ ಹೊತ್ತಿಗೆ ನಾಲ್ಕನೆಯ ಮಹಡಿಯ ಉಷಾ ಮೇಡಂ ಇಳಿದು ಬಂದರು. ಸಿಬ್ಬಂದಿ ವಿಭಾಗದ ದೊಡ್ಡ ಅಧಿಕಾರಿ, ತೆಲುಗಿನವರು. ಸಂಜೆ ಡ್ಯೂಟಿಯ ಪಟ್ಟಿ ಓದುವವರೂ ಅವರೇ. ಅಮರೇಶಪ್ಪ ಧಡಕ್ಕನೆ ಎದ್ದು ಸೆಲ್ಯೂಟು ಹೊಡೆದ.

“ಅಮರೇಶಪ್ಪಗಾರೂ, ನೀವು ಶ್ರಾವಣ ಸೋಮವಾರ ಉಪವಾಸ ಅಂತ ಈಗ ತಿಳೀತು,” ಎಂದರು ತಮಗೆ ಬಂದಷ್ಟು ಕನ್ನಡದಲ್ಲಿ. “ಮಾ ಅತ್ತಗಾರು ನಿನ್ನೆ ಶ್ರೀಶೈಲಂ ಹೋಗಿ ಬಂದ್ರು. ಮಲ್ಲನ್ನ ಪ್ರಸಾದಂ. ತೀಸ್ಕೋಂಡಿ.”

ತಗೊಳ್ಳಿ ಎಂದು ಅವರು ಚಾಚಿದ ಪುಟ್ಟ ಡಬ್ಬಿಯಲ್ಲಿ ಎರಡು ಲಾಡು ಇದ್ದವು. ಶ್ರೀಶೈಲದ ಮಲ್ಲಯ್ಯ ಅಮರೇಶಪ್ಪನ ಮನೆದೇವರು. ಅಜ್ಜ ಪ್ರತಿವರ್ಷ ಪಾದಯಾತ್ರೆ ಮಾಡುತ್ತಿದ್ದ ದೇವರು. ಕೊಡುತ್ತಿರುವವರು ಕುರ್ಚಿಯನ್ನು ಉಳಿಸಬಲ್ಲ ಅಥವಾ ಕಳೆಯಬಲ್ಲ ಮೇಡಂ. ಒಂದು ಕಡೆ ದೇವರು, ಒಂದು ಕಡೆ ಮೇಡಂ, ನಡುವೆ ಹೊಲಿದ ಜೇಬು. ಅಮರೇಶಪ್ಪ ಎರಡೂ ಲಾಡುಗಳನ್ನು ಮೇಡಂ ಎದುರಿಗೇ ತಿಂದು, ಬೆರಳಿಗಂಟಿದ್ದನ್ನೂ ಭಕ್ತಿಯಿಂದ ನೆಕ್ಕಿದ.

ಮೇಡಂ ಹೋದ ಮೇಲೆ ಅವನು ಓಡಿದ್ದು ಕೊರಿಯರ್ ಕೋಣೆಗೆ. ಅಲ್ಲಿ ಪಾರ್ಸಲ್ಲು ತೂಗುವ ಯಂತ್ರವಿತ್ತು. ಯಾರೂ ಇಲ್ಲವೆಂದು ನೋಡಿಕೊಂಡು ಬೂಟು ಬಿಚ್ಚಿ ಹತ್ತಿದ. ಎಂಬತ್ತಾರು ಕಿಲೋ ಇನ್ನೂರು ಗ್ರಾಂ.

ಬಾಯಾಡಿಸುವ ದಿನಗಳಲ್ಲೂ ಅವನು ಮಧ್ಯಾಹ್ನದೊಳಗೆ ಇಷ್ಟು ಏರಿದ್ದಿಲ್ಲ. ಕೆಳಗಿಳಿದು ಬೂಟು ಕೈಯಲ್ಲಿ ಹಿಡಿದು ಹಾಗೇ ಒಂದು ಪಾರ್ಸಲಿನ ಮೇಲೆ ಕೂತುಬಿಟ್ಟ. ಕಾರ್ಖಾನೆಯ ಗೋಡೆ, ಏಪ್ರಿಲ್ಲಿನ ಬಿಸಿಲು, ಸಂಜೆ ಮನೆಗೆ ಬಂದರೆ ಮೊಣಕಾಲಿಗೆ ಬಿಸಿನೀರಿನ ಬಟ್ಟೆ ಒತ್ತುತ್ತಿದ್ದ ಶಿವದೇವಿ, ಎಲ್ಲ ನೆನಪಾಯಿತು. ನಲವತ್ತಾರು ವರ್ಷಕ್ಕೆ ಮತ್ತೆ ಮೊದಲಿನಿಂದ ಸುತ್ತಬೇಕೇ? ನಿಜ ಹೇಳಬೇಕೆಂದರೆ ಅವನ ಕಣ್ಣು ತುಂಬಿ ಬಂತು.

ವಿಜಯಕುಮಾರ ಹುಡುಕಿಕೊಂಡು ಬಂದ. “ಇಲ್ಲ್ಯಾಕ ಕುಂತೀರಿ ಅಣ್ಣಾರ? ಏನಾತ್ರಿ?”

ಅಮರೇಶಪ್ಪ ಎಲ್ಲ ಹೇಳಿದ. ಉಪವಾಸದ ಸುಳ್ಳು, ಜೇಬು, ಉಂಡಿ, ಲಾಡು. ವಿಜಯಕುಮಾರ ನಗಲಿಲ್ಲ. ಗಲ್ಲ ಕೆರೆದುಕೊಂಡು ಯೋಚಿಸಿದ.

“ನಮ್ಮೂರ ಗರಡಿ ಮನ್ಯಾಗ ಪೈಲ್ವಾನರು ಕುಸ್ತೀಗೆ ಮೊದ್ಲ ತೂಕ ಇಳಸಾಕ ಕಂಬಳಿ ಹೊದ್ದು ಬೆವರತಿದ್ರು. ಒಂದ ತಾಸಿನಾಗ ಕಿಲೋ ಇಳೀತಿತ್ತು. ಈಗ ಕರೆಂಟ್ ಹೋಗೈತಿ. ಜನರೇಟರ್ ರೂಮ್ ಒಳಗ ಒಲಿ ಕಾದಂಗ ಕಾದಿರತೈತಿ ನೋಡ್ರಿ.”

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು. ಅಮರೇಶಪ್ಪ ಗಾರ್ಡುಗಳ ಕಪಾಟಿನಿಂದ ಚಳಿಗಾಲದ ಉಣ್ಣೆ ಕೋಟು ತೆಗೆದು ತೊಟ್ಟು, ಅದರ ಮೇಲೆ ಮಳೆಗಾಲದ ರೇನ್‌ಕೋಟು ಹಾಕಿ, ತಲೆಗೆ ಮಂಕಿಕ್ಯಾಪು ಏರಿಸಿ ಜನರೇಟರ್ ಕೋಣೆ ಹೊಕ್ಕ. ವಿಜಯಕುಮಾರ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಯಾರಾದರೂ ಕೇಳಿದರೆ “ಒಳಗ ಸೂಪರ್‌ವೈಜರ್ ಸಾಹೇಬ್ರು ಚೆಕಿಂಗ್ ಮಾಡಾಕತ್ತಾರ” ಎನ್ನುತ್ತಿದ್ದ. ಪಾಪ, ಅಂಥ ಸ್ನೇಹಿತ. ಒಂದೂವರೆ ತಾಸು ಅಮರೇಶಪ್ಪ ಆ ಗದ್ದಲದಲ್ಲಿ, ಡೀಸೆಲ್ಲಿನ ವಾಸನೆಯಲ್ಲಿ ನಿಂತ, ಕೂತ, ಬೈಠಕ್ ಹೊಡೆದ. ಮೂರು ಮುಕ್ಕಾಲಿಗೆ ಹೊರಬಂದಾಗ ಬೂಟಿನೊಳಗೆ ಬೆವರು ಪಚಪಚ ಎನ್ನುತ್ತಿತ್ತು. ಬಾಯಾರಿ ನಾಲಿಗೆ ಅಂಗುಳಿಗೆ ಅಂಟಿತ್ತು. ಒಂದು ಹನಿ ನೀರು ಮುಟ್ಟಲಿಲ್ಲ.

ನಾಲ್ಕು ಗಂಟೆಗೆ ನಾಲ್ಕನೆಯ ಮಹಡಿಯಲ್ಲಿ ಸಾಲು ನಿಂತಿತು. ಒಬ್ಬೊಬ್ಬರೇ ಯಂತ್ರ ಹತ್ತುತ್ತಿದ್ದರು. ಡಾಕ್ಟರ್ ಚಂದ್ರಹಾಸರು ಓದುತ್ತಿದ್ದರು, ಉಷಾ ಮೇಡಂ ಬರೆದುಕೊಳ್ಳುತ್ತಿದ್ದರು. ವಿಜಯಕುಮಾರ ಹತ್ತಿದಾಗ ತೊಂಬತ್ತೆಂಟು. ಬೆಳಿಗ್ಗೆಯಿಂದ ಒಂದು ಕಿಲೋ ಹೆಚ್ಚಾಗಿದ್ದ. ತಲೆ ತಗ್ಗಿಸಿ ಪಕ್ಕಕ್ಕೆ ಸರಿದ.

ಅಮರೇಶಪ್ಪ ಬೂಟು ಬಿಚ್ಚಿದ, ಬೆಲ್ಟು ಬಿಚ್ಚಿದ, ಟೋಪಿ, ಸೀಟಿ, ಕೈಗಡಿಯಾರ, ಕೊರಳ ಬಿಲ್ಲೆ ಎಲ್ಲ ತೆಗೆದಿಟ್ಟ. ಬೆರಳಿನ ಉಂಗುರವನ್ನೂ ತಿರುಗಿಸಿ ತಿರುಗಿಸಿ ಕಳಚಿದ. ಶ್ವಾಸ ಪೂರಾ ಹೊರಗೆ ಬಿಟ್ಟು ಯಂತ್ರದ ಮೇಲೆ ಕಾಲಿಟ್ಟ.

“ಎಂಬತ್ನಾಲ್ಕು ಕಿಲೋ ಒಂಬೈನೂರು!” ಎಂದರು ಡಾಕ್ಟರು. “ಭೇಷ್! ಬಾಯಾಡಿಸುವುದು ಬಿಟ್ರಿ ಅಂತಾಯ್ತು. ಹೇಳಿದ್ದನ್ನು ಕೇಳಿದವರು ಈ ಕಂಪನಿಯಲ್ಲಿ ನೀವೊಬ್ಬರೇ ಮಾರಾಯ್ರೆ.”

ಸಾಲಿನವರೆಲ್ಲ ಚಪ್ಪಾಳೆ ತಟ್ಟಿದರು. ಅಮರೇಶಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ವಿಜಯಕುಮಾರನ ಹತ್ತಿರ ಹೋಗಿ ಅವನ ಕೈ ಹಿಡಿದುಕೊಂಡ.

“ನಿನ್ನ ಋಣ ಮರಿಯೂದಿಲ್ಲೋ ತಮ್ಮ. ನಾ ಮೇಡಂಗೆ ಹೇಳ್ತೀನಿ, ನಿನಗ ಮುಂಜಾನಿ ಪಾಳಿ ಕೊಡ್ರಿ, ಬಿಸಲಾಗ ಸುತ್ತಸಬ್ಯಾಡ್ರಿ ಅಂತ.”

“ಇರ್ಲಿ ಬಿಡ್ರಿ ಅಣ್ಣಾರ. ನಿಮ್ಮ ಕುರ್ಚಿ ಉಳೀತಲ್ಲ, ಅಷ್ಟ ಸಾಕು,” ಎಂದ ವಿಜಯಕುಮಾರ. ಅವನ ದನಿ ಸಣ್ಣದಾಗಿತ್ತು.

ಐದು ಗಂಟೆಗೆ ಐದು ನಿಮಿಷವಿರುವಾಗ ಉಷಾ ಮೇಡಂ ಪಟ್ಟಿ ಹಿಡಿದು ನಿಂತರು. ಎಲ್ಲರಿಗೂ ತಿಳಿಯಲೆಂದು ತೆಲುಗಿನಲ್ಲೊಮ್ಮೆ, ಹಿಂದಿಯಲ್ಲೊಮ್ಮೆ ಹೇಳಿದರು. ಎಂಬತ್ತೈದು ಕಿಲೋ ಮೀರಿದವರಿಗೆ ಹೆಚ್ಚು ನಡೆದರೆ ಎದೆಗೆ, ಮೊಣಕಾಲಿಗೆ ಅಪಾಯವೆಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಅಂಥವರನ್ನು ನಡೆಸಿ ಏನಾದರೂ ಹೆಚ್ಚುಕಡಿಮೆಯಾದರೆ ಕಂಪನಿಗೆ ಕೆಟ್ಟ ಹೆಸರು. ಆದ್ದರಿಂದ ಅವರಿಗೆಲ್ಲ ಇನ್ನು ಮುಂದೆ ಕೂತು ಮಾಡುವ ಡ್ಯೂಟಿ. ಎಂಬತ್ತೈದರೊಳಗಿನ ಗಟ್ಟಿಮುಟ್ಟಾದ ಗಾರ್ಡುಗಳಿಗೆ ಹೊಸ ಕ್ಯಾಂಪಸ್ಸಿನ ಗೋಡೆ, ದಿನಕ್ಕೆ ಎಂಟು ಸುತ್ತು.

“ಹಜಾರದ ಮೇಜು, ವಿಜಯಕುಮಾರ್. ಕ್ಯಾಂಪಸ್, ಅಮರೇಶಪ್ಪ…”

ಅಮರೇಶಪ್ಪನಿಗೆ ಮುಂದಿನ ಹೆಸರುಗಳು ಕೇಳಿಸಲಿಲ್ಲ. “ಮೇಡಂ, ನಾನು ನಿನ್ನಿತನಕ ಎಂಬತ್ತೈದು ದಾಟಿದ್ದೆರಿ! ಇವತ್ತೊಂದ ದಿನ…”

“ಒಂದೇ ದಿನದಲ್ಲಿ ಇಳಿಸಿದ್ರಾ? ಚಾಲಾ ಗ್ರೇಟ್!” ಎಂದು ಮೇಡಂ ಮೆಚ್ಚಿಗೆಯಿಂದ ತಲೆಯಾಡಿಸಿದರು. “ಏನಾದ್ರೂ ಹೇಳೋದಿದ್ರೆ ಡಾಕ್ಟರ್‌ಗಾರಿಗೆ ಹೇಳಿ. ಹತ್ತು ನಿಮಿಷದಲ್ಲಿ ಹೊರಡ್ತಾರೆ.”

ಹತ್ತು ನಿಮಿಷ! ಅಮರೇಶಪ್ಪ ಲಿಫ್ಟಿನ ಕಡೆ ನೋಡಿದ. ಆಫೀಸು ಬಿಡುವ ಹೊತ್ತು, ಅಲ್ಲಿ ಜಾತ್ರೆ ನೆರೆದಿತ್ತು. ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು ಕ್ಯಾಂಟೀನಿಗೆ ನುಗ್ಗಿದ. ರಾಯರು ಬೆರಗಾಗಿ ನಿಂತರು.

“ರಾಯರ, ತಿನ್ನಾಕ ಏನರ ಕೊಡ್ರಿ! ಜಲ್ದಿ!”

“ಉಪವಾಸ ಬಿಡೂದು ಪೂಜಾ ಆದಮ್ಯಾಲರೀ…”

“ಮಲ್ಲಯ್ಯ ಕ್ಷಮಸ್ತಾನ್ರಿ, ಕೊಡ್ರಿ!”

ಉಳಿದ ಖಿಚಡಿ ಇತ್ತು, ಇಡ್ಲಿ ಇತ್ತು, ಎರಡು ಆಲೂ ಬೋಂಡಾ ಇದ್ದವು. ದಿನವಿಡೀ ಬಿಟ್ಟದ್ದನ್ನು ಅವನು ನಿಂತುಕೊಂಡೇ ಮುಗಿಸಿದ. ಅದರ ಮೇಲೆ ಒಂದು ದೊಡ್ಡ ಜಗ್ಗು ಮಜ್ಜಿಗೆ ಎತ್ತಿ ಕುಡಿದ. ರಾಯರು “ಸಾವಕಾಶ, ಸಾವಕಾಶ” ಎನ್ನುತ್ತಿರುವಾಗಲೇ ಮತ್ತೆ ಮೆಟ್ಟಿಲು ಹತ್ತಿದ. ನಾಲ್ಕು ಮಹಡಿ, ಎಲ್ಲೂ ನಿಲ್ಲದೆ.

ಡಾಕ್ಟರು ಚೀಲದ ಬಾಯಿ ಕಟ್ಟುತ್ತಿದ್ದರು.

“ಸಾಹೇಬ್ರ, ಇನ್ನೊಂದ ಸಲ ತೂಕ ನೋಡ್ರಿ. ಮಿಷನ್ ತಪ್ಪು ತೋರಿಸೈತಿ.”

ಡಾಕ್ಟರು ಅವನನ್ನು ಮೇಲಿಂದ ಕೆಳಗೆ ನೋಡಿ, ಯಂತ್ರವನ್ನು ಮತ್ತೆ ನೆಲಕ್ಕಿಟ್ಟರು. ಅಮರೇಶಪ್ಪ ಈ ಸಲ ಬೂಟು, ಬೆಲ್ಟು, ಟೋಪಿ ಎಲ್ಲದರ ಸಮೇತ ಹತ್ತಿದ. ಎಂಬತ್ತೇಳು ಕಿಲೋ ಮುನ್ನೂರು ಗ್ರಾಂ.

“ನೋಡ್ರಿ! ಎಂಬತ್ತೇಳು! ನಾ ಹೇಳಲಿಲ್ಲೇನ್ರಿ?”

“ಮೀಸೆಗೆ ಎಂತದು ಅದು?”

“ಮಜ್ಜಿಗಿರಿ,” ಎಂದ ಅಮರೇಶಪ್ಪ, ಒರೆಸಿಕೊಳ್ಳುತ್ತಾ.

“ಕ್ಯಾಂಟೀನಿಗೆ ಹೋಗಿ ಬಂದಿರಾ? ಲಿಫ್ಟಿನಲ್ಲಿಯಾ?”

“ಇಲ್ರಿ, ಮೆಟ್ಲದಿಂದ. ಓಡಿಕೋತ.”

ಡಾಕ್ಟರು ಅವನ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತಾ ನಿಂತರು. ಎದೆಗೆ ಕೊಳವೆಯಿಟ್ಟು ಕೇಳಿದರು. ಮುಖದ ತುಂಬ ನಗು ಅರಳಿತು.

“ನಾಲ್ಕು ಮಾಳಿಗೆ ಇಳಿದು, ಎರಡು ಕಿಲೋ ತಿಂದು ಕುಡಿದು, ಪುನಃ ನಾಲ್ಕು ಮಾಳಿಗೆ ಓಡಿ ಹತ್ತಿದ್ದೀರಿ. ಅದೂ ಹತ್ತು ನಿಮಿಷದಲ್ಲಿ! ಏದುಸಿರು ಇಲ್ಲ, ನಾಡಿ ಹರೆಯದವರ ಹಾಗೆ ಉಂಟು. ತೂಕ ಎಷ್ಟಿದ್ದರೇನು? ನಿಮ್ಮಂಥವರನ್ನು ಕುರ್ಚಿಯಲ್ಲಿ ಕೂರಿಸಿದರೆ ನಾನು ಓದಿದ್ದಕ್ಕೆ ಅರ್ಥ ಉಂಟಾ ಮಾರಾಯ್ರೆ?”

ಅವರು ಚೀಲದಿಂದ ಕಾಗದ ತೆಗೆದು, ಅಮರೇಶಪ್ಪನ ಹೆಸರಿನ ಮುಂದೆ ನಾಲ್ಕು ಸಾಲು ಬರೆದು ಮೇಡಂ ಕೈಗೆ ಕೊಟ್ಟರು. ಮೇಡಂ ಓದಿ ಸಂತೋಷಪಟ್ಟು, ಅವನನ್ನು ಗೋಡೆ ಸುತ್ತುವ ತಂಡದ ಮುಂದಾಳು ಮಾಡಿದರು. ಮುಂದಾಳಿಗೆ ಎಂಟಲ್ಲ, ಹತ್ತು ಸುತ್ತು. ತಂಡ ಸರಿಯಾಗಿ ಸುತ್ತಿದೆಯೋ ಇಲ್ಲವೋ ಎಂದು ನೋಡಲು ಕೊನೆಯಲ್ಲಿ ಎರಡು ಜಾಸ್ತಿ.

ಅಮರೇಶಪ್ಪ ಕೆಳಗಿಳಿದು ಬಂದ. ಈ ಸಲ ನಿಧಾನಕ್ಕೆ, ಒಂದೊಂದೇ ಮೆಟ್ಟಿಲು.

ಹಜಾರದಲ್ಲಿ ವಿಜಯಕುಮಾರ ಕುರ್ಚಿಯ ತುದಿಯಲ್ಲಿ, ಯಾರದೋ ಮನೆಗೆ ಹೊಸದಾಗಿ ಬಂದ ಬೀಗನ ಹಾಗೆ ಕೂತಿದ್ದ. ಇವನನ್ನು ಕಂಡು ಏಳಲು ಹೋದ, ಕುರ್ಚಿಯ ತೋಳುಗಳ ನಡುವೆ ಸಿಕ್ಕಿಕೊಂಡು ಮತ್ತೆ ಕೂತ.

“ಅಣ್ಣಾರ, ನನಗ ಇದು ಬ್ಯಾಡಾಗಿತ್ರಿ. ನಿಮ್ಮಾಣಿ ಬ್ಯಾಡಾಗಿತ್ತು,” ಎಂದ. ಅವನು ಸುಳ್ಳು ಹೇಳಲು ಬಾರದ ಮನುಷ್ಯ. ಕಾಲು ಚಾಚಿ ನೆಲ ತಡಕುತ್ತಾ ಕೇಳಿದ, “ಕಾಲು ನೆಲಕ್ಕ ಮುಟ್ಟವಲ್ವು. ಇದನ್ನ ಕೆಳಗ ಇಳಸೂದು ಹೆಂಗ್ರಿ?”

ಅಮರೇಶಪ್ಪ ಮೇಜಿನ ಹಿಂದೆ ಹೋಗಿ, ಮೊಣಕಾಲೂರಿ ಬಗ್ಗಿ, ಕುರ್ಚಿಯ ಅಡಿಗೆ ಕೈ ಹಾಕಿ ಹಿಡಿಯೊಂದನ್ನು ಮೇಲಕ್ಕೆತ್ತಿದ. ಕುರ್ಚಿ ಉಸ್ಸೆಂದು ವಿಜಯಕುಮಾರನನ್ನು ಹೊತ್ತು ಕೆಳಗಿಳಿಯಿತು.

“ಸಾಕೇನೋ?”

“ಇನ್ನೊಂಚೂರು ಅಣ್ಣಾರ.”

ಅಮರೇಶಪ್ಪ ಇನ್ನೊಂಚೂರು ಇಳಿಸಿದ.